ಆಫ್ರಿಕಾದ ವಿಶ್ವವಿದ್ಯಾಲಯಗಳ ಜೊತೆ ಸಲಹಾ ಪಾಲುದಾರಿಕೆ: ಮೊದಲ ಪತ್ರದಿಂದ ಕೊನೆಯ ಬಿಲ್ಲಿನವರೆಗೆ

"ನಿವೃತ್ತನಾಗಿದ್ದೇನೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೆಲಸವೆಲ್ಲ ಗೊತ್ತು, ಆಫ್ರಿಕಾದ ವಿಶ್ವವಿದ್ಯಾಲಯಗಳಿಗೆ ಸಲಹೆಗಾರನಾಗಿ ಹೋಗುವುದು ಹೇಗೆ?" "ನಮ್ಮ ಕಾಲೇಜಿಗೆ ಕೆನ್ಯಾದಿಂದ ಒಡಂಬಡಿಕೆಯ ಕರಡು ಬಂದಿದೆ, ಸಹಿ ಹಾಕಬಹುದೇ?" ಇವೆರಡು ಪ್ರಶ್ನೆಗಳು ಓದುಗರಿಂದ ಮತ್ತೆ ಮತ್ತೆ ಬರುತ್ತಿವೆ. ಇಥಿಯೋಪಿಯದಲ್ಲಿ ವರ್ಷಗಟ್ಟಲೆ ಪಾಠ ಮಾಡಿ ಬಂದ ಕನ್ನಡದ ಮೇಷ್ಟ್ರುಗಳು ನಮ್ಮಲ್ಲಿದ್ದಾರೆ. ಬೆಂಗಳೂರು, ಮೈಸೂರುಗಳಲ್ಲಿ ಓದಿ ಹೋದ ಆಫ್ರಿಕಾದ ಪದವೀಧರರು ಅಲ್ಲಿನ ಕಾಲೇಜು, ಕಚೇರಿಗಳಲ್ಲಿ ಸಿಗುತ್ತಾರೆ. ಹಾಗಾಗಿ ಪರಿಚಯಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕೆಲಸದ ಕ್ರಮ ತಿಳಿಯುವುದರಲ್ಲಿ.

ಇಲ್ಲಿ ಹೇಳುತ್ತಿರುವುದು ಪಾಠ ಮಾಡುವ ಕೆಲಸದ ಬಗ್ಗೆ ಅಲ್ಲ. ಹೊಸ ಪದವಿ ಕಾರ್ಯಕ್ರಮ ರೂಪಿಸುವುದು, ಗುಣಮಟ್ಟ ವಿಭಾಗ ಕಟ್ಟುವುದು, ಪ್ರಯೋಗಾಲಯ ಸಜ್ಜುಗೊಳಿಸುವುದು, ಅಧ್ಯಾಪಕರನ್ನು ಪಿಎಚ್‌ಡಿವರೆಗೆ ತರುವುದು ಇಂಥ ಕೆಲಸಗಳಿಗೆ ಎರಡು ದೇಶಗಳ ಸಂಸ್ಥೆಗಳು ಕೈಜೋಡಿಸುವ ಬಗ್ಗೆ. ಸಹಾರಾದ ದಕ್ಷಿಣದ ದೇಶಗಳಲ್ಲಿ ಉನ್ನತ ಶಿಕ್ಷಣಕ್ಕೆ ಸೇರುವವರ ಪ್ರಮಾಣ ಶೇ 9ರ ಆಸುಪಾಸು. ಜಗತ್ತಿನ ಸರಾಸರಿ ಶೇ 40ರ ಸುತ್ತ. ಅಲ್ಲಿನ ಸರ್ಕಾರಗಳು ಅವಸರದಲ್ಲಿ ವಿಶ್ವವಿದ್ಯಾಲಯಗಳನ್ನು ಹೆಚ್ಚಿಸಿವೆ. 1990ರ ದಶಕದ ಆರಂಭದಲ್ಲಿ ಬೆರಳೆಣಿಕೆಯಷ್ಟಿದ್ದ ಇಥಿಯೋಪಿಯದ ಸರ್ಕಾರಿ ವಿಶ್ವವಿದ್ಯಾಲಯಗಳು ಈಗ 40 ದಾಟಿವೆ. ಕಟ್ಟಡ ಎದ್ದಷ್ಟು ಬೇಗ ಅಧ್ಯಾಪಕರು ಸಿದ್ಧರಾಗುವುದಿಲ್ಲವಲ್ಲ, ಸಲಹೆಯ ಅಗತ್ಯ ಹುಟ್ಟುವುದು ಅಲ್ಲೇ. ನೀವು ಮರಳಿದ ಮೇಲೂ ಅಲ್ಲಿನವರೇ ನಡೆಸಿಕೊಂಡು ಹೋಗುವಂಥದ್ದು ಉಳಿದರೆ ಮಾತ್ರ ಇಂಥ ಪಾಲುದಾರಿಕೆ ಗೆದ್ದಂತೆ. ಕೆಳಗಿನ ಪ್ರತಿ ಹಂತವನ್ನೂ ಈ ಅಳತೆ ಇಟ್ಟುಕೊಂಡೇ ಬರೆದಿದೆ.

ಮೊದಲು ಕೈಯಲ್ಲಿರಬೇಕಾದ ಕಾಗದಗಳು

ಸಂಸ್ಥೆಯ ನೋಂದಣಿ ಪತ್ರ, ಕಳೆದ ಮೂರು ವರ್ಷಗಳ ಆಡಿಟ್ ಆದ ಲೆಕ್ಕ, ಇದೇ ಬಗೆಯ ಕೆಲಸ ಮುಗಿಸಿದ್ದಕ್ಕೆ ಗ್ರಾಹಕರು ಕೊಟ್ಟ ಪತ್ರಗಳು, ಪ್ರತಿ ತಜ್ಞರ ಸಹಿಯುಳ್ಳ ಸಿವಿ. ಸೇವೆಯಲ್ಲಿರುವ ಪ್ರಾಧ್ಯಾಪಕರನ್ನು ತಂಡಕ್ಕೆ ಸೇರಿಸಿದರೆ ಅವರ ವಿಶ್ವವಿದ್ಯಾಲಯದ ನಿರಾಕ್ಷೇಪಣಾ ಪತ್ರ ಮೊದಲೇ ಬೇಕು. ಟೆಂಡರ್ ಗೆದ್ದ ಮೇಲೆ ರಜೆ ಸಿಗಲಿಲ್ಲವೆಂದರೆ ಗೆದ್ದ ಕೆಲಸವೇ ಕೈತಪ್ಪಬಹುದು. ಜಿಎಸ್‌ಟಿ ನೋಂದಣಿ ಇದ್ದವರು ಪ್ರತಿ ಹಣಕಾಸು ವರ್ಷವೂ ಎಲ್‌ಯುಟಿ ಸಲ್ಲಿಸಿ. ತೆರಿಗೆ ಕಟ್ಟದೆ ಸೇವೆ ರಫ್ತು ಮಾಡುತ್ತೇವೆ ಎಂದು ಬರೆದುಕೊಡುವ ಮುಚ್ಚಳಿಕೆ ಅದು.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ. ಒಮ್ಮೆ ಹಾಕಿಸಿಕೊಂಡರೆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ಅದಿಲ್ಲದೆ ಆ ಜ್ವರ ಇರುವ ದೇಶಗಳಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

1. ಒಂದು ದೇಶ, ಒಂದು ಕೆಲಸ ಆರಿಸಿ

"ನಾವು ಆಫ್ರಿಕಾದಲ್ಲಿ ಕೆಲಸ ಮಾಡುತ್ತೇವೆ" ಎಂದು ಬರೆದ ಪರಿಚಯ ಪತ್ರವನ್ನು ಅಲ್ಲಿ ಯಾರೂ ಗಂಭೀರವಾಗಿ ನೋಡುವುದಿಲ್ಲ. ಅಲ್ಲಿ 54 ದೇಶಗಳಿವೆ, ಉನ್ನತ ಶಿಕ್ಷಣದ ಪದ್ಧತಿಗಳೂ ಬೇರೆ ಬೇರೆ. ಕೆನ್ಯಾ, ಉಗಾಂಡ, ತಾಂಜಾನಿಯಾ, ಇಥಿಯೋಪಿಯ, ಜಾಂಬಿಯಾ, ಮಲಾವಿ, ಘಾನಾ, ನೈಜೀರಿಯಾಗಳಲ್ಲಿ ವಿಶ್ವವಿದ್ಯಾಲಯದ ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸೆನೆಗಲ್, ಐವರಿ ಕೋಸ್ಟ್, ಬುರ್ಕಿನಾ ಫಾಸೊಗಳಲ್ಲಿ ಫ್ರೆಂಚ್; ಮೊಜಾಂಬಿಕ್, ಅಂಗೋಲಾಗಳಲ್ಲಿ ಪೋರ್ಚುಗೀಸ್. ಫ್ರೆಂಚ್ ಪದ್ಧತಿಯ ದೇಶಗಳಲ್ಲಿ ಪದವಿಗಳು ಎಲ್‌ಎಂಡಿ ಕ್ರಮದಲ್ಲಿವೆ, ಅಂದರೆ ಮೂರು ವರ್ಷಕ್ಕೆ ಲಿಸಾನ್ಸ್, ಐದಕ್ಕೆ ಮಾಸ್ಟರ್, ಎಂಟಕ್ಕೆ ಡಾಕ್ಟರೇಟ್. ಫ್ರೆಂಚಿನಲ್ಲಿ ವರದಿ ಬರೆಯಬಲ್ಲವರು ತಂಡದಲ್ಲಿ ಇಲ್ಲದಿದ್ದರೆ ಆ ಕಡೆಗೆ ಹೋಗಬೇಡಿ. ಅನುವಾದಕರನ್ನು ಇಟ್ಟುಕೊಂಡು ಪಠ್ಯಕ್ರಮ ಸಭೆ ನಡೆಸುವುದು ಆಗುವ ಕೆಲಸವಲ್ಲ.

ಕೆಲಸವೂ ಒಂದೇ ಇರಲಿ. ನ್ಯಾಕ್ ಸ್ವಯಂ ಅಧ್ಯಯನ ವರದಿ ಬರೆಸಿದ ಅನುಭವವಿದ್ದರೆ ಆಂತರಿಕ ಗುಣಮಟ್ಟ ವಿಭಾಗದ ಕೆಲಸ ನಿಮಗೆ ಹೊಂದುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಕಾ ಫಲಿತಾಂಶ ಆಧಾರಿತ ಮಾನ್ಯತೆಗೆ ದುಡಿದವರು ಪಠ್ಯಕ್ರಮದ ಕೆಲಸ ಹಿಡಿಯಿರಿ.

2. ನಿಯಂತ್ರಕ ಸಂಸ್ಥೆಯ ನಿಯಮಗಳನ್ನು ಮೊದಲು ಓದಿ

ಹೆಚ್ಚಿನ ಪಾಲುದಾರಿಕೆಗಳು ಮುಗ್ಗರಿಸುವುದು ಇಲ್ಲಿ. ಭಾರತದಿಂದ ಒಳ್ಳೆಯ ಪಠ್ಯಕ್ರಮ ಒಯ್ದು, ಹೆಸರು ಬದಲಿಸಿ ಕೊಟ್ಟು ಬರಬಹುದು ಎಂದುಕೊಳ್ಳುತ್ತಾರೆ. ನಿಯಂತ್ರಕರ ಒಪ್ಪಿಗೆಯಿಲ್ಲದೆ ಅಲ್ಲಿನ ವಿಶ್ವವಿದ್ಯಾಲಯ ಅದನ್ನು ಪಾಠ ಮಾಡುವಂತಿಲ್ಲ.

ಆ ನಿಯಂತ್ರಕ ಸಂಸ್ಥೆಗಳು ಇವು: ಕೆನ್ಯಾದಲ್ಲಿ ಕಮಿಷನ್ ಫಾರ್ ಯೂನಿವರ್ಸಿಟಿ ಎಜುಕೇಷನ್, ತಾಂಜಾನಿಯಾದಲ್ಲಿ ಟಿಸಿಯು, ಉಗಾಂಡದಲ್ಲಿ ಎನ್‌ಸಿಎಚ್‌ಇ, ಇಥಿಯೋಪಿಯದಲ್ಲಿ ಎಜುಕೇಷನ್ ಆ್ಯಂಡ್ ಟ್ರೇನಿಂಗ್ ಅಥಾರಿಟಿ, ನೈಜೀರಿಯಾದಲ್ಲಿ ಎನ್‌ಯುಸಿ, ಘಾನಾದಲ್ಲಿ 2020ರ ಕಾಯ್ದೆಯಿಂದ ಬಂದ ಜಿಟೆಕ್. ಫ್ರೆಂಚ್ ಪದ್ಧತಿಯ ದೇಶಗಳಿಗೆ ಬುರ್ಕಿನಾ ಫಾಸೊದ ಒವಾಗಡೂಗುವಿನಲ್ಲಿ ಕಚೇರಿಯಿರುವ, 1968ರಲ್ಲಿ ಹುಟ್ಟಿದ ಕಾಮೆಸ್ ಎಂಬ ಉನ್ನತ ಶಿಕ್ಷಣ ಮಂಡಳಿ ಇದೆ. ನೀವು ಆರಿಸಿದ ದೇಶದ ನಿಯಂತ್ರಕರ ಮಾನದಂಡ ಪುಸ್ತಿಕೆ ಇಳಿಸಿಕೊಂಡು, ಅದರ ಪ್ರತಿ ಅಂಶಕ್ಕೂ ಒಂದು ಸಾಲಿನಂತೆ ಎಕ್ಸೆಲ್ ಪಟ್ಟಿ ಮಾಡಿ: ಬೋಧಕರ ಅರ್ಹತೆ, ಬೋಧಕ ಮತ್ತು ವಿದ್ಯಾರ್ಥಿ ಅನುಪಾತ, ಗ್ರಂಥಾಲಯ, ಪ್ರಯೋಗಾಲಯ, ಕ್ರೆಡಿಟ್ (ಕಲಿಕೆಯ ಹೊರೆ ಅಳೆಯುವ ಲೆಕ್ಕ). ಮುಂದಿನ ಎಲ್ಲ ಕೆಲಸಕ್ಕೂ ಈ ಪಟ್ಟಿಯೇ ಬುನಾದಿ.

ಎರಡು ಉದಾಹರಣೆ ಕೊಟ್ಟರೆ ವಿಷಯ ಸ್ಪಷ್ಟವಾಗುತ್ತದೆ. ನೈಜೀರಿಯಾದಲ್ಲಿ 2023ರಿಂದ ಸಿಸಿಮಾಸ್ ಎಂಬ ಪಠ್ಯಕ್ರಮ ಚೌಕಟ್ಟು ಜಾರಿಯಲ್ಲಿದೆ. ಅದರಂತೆ ಪಠ್ಯದ ಶೇ 70 ಭಾಗವನ್ನು ಎನ್‌ಯುಸಿ ನಿಗದಿ ಮಾಡುತ್ತದೆ, ವಿಶ್ವವಿದ್ಯಾಲಯದ ಕೈಯಲ್ಲಿ ಉಳಿಯುವುದು ಶೇ 30. ಪೂರ್ತಿ ಪಠ್ಯಕ್ರಮ ಬರೆದುಕೊಡುತ್ತೇವೆ ಎಂದು ಹೋಗುವವರ ಶ್ರಮದಲ್ಲಿ ಹೆಚ್ಚಿನ ಪಾಲು ಅಲ್ಲಿ ವ್ಯರ್ಥ. ಆ ಶೇ 30ರಲ್ಲಿ ಸ್ಥಳೀಯ ಉದ್ಯಮಕ್ಕೆ ಏನು ಬೇಕು ಎಂದು ಕಂಡುಕೊಳ್ಳಲು ನೆರವಾಗುವವರಿಗೆ ಬೆಲೆಯಿದೆ. ಇನ್ನು ಉಗಾಂಡದಲ್ಲಿ 2023ರಲ್ಲಿ ಮಾನ್ಯತೆಯ ಅವಧಿ ಮೀರಿದ ಕೋರ್ಸುಗಳ ವಿಷಯ ದೊಡ್ಡ ಗದ್ದಲವಾಯಿತು. ಮಾನ್ಯತೆ ಒಮ್ಮೆ ಸಿಕ್ಕರೆ ಮುಗಿಯಿತು ಎಂದುಕೊಳ್ಳಬಾರದು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹಾಗಾಗಿ ಮರುಮಾನ್ಯತೆಯ ದಿನಾಂಕಗಳ ಪಟ್ಟಿ ಮಾಡಿ, ಅದನ್ನು ನೋಡಿಕೊಳ್ಳುವ ಅಧಿಕಾರಿಯನ್ನು ತಯಾರು ಮಾಡುವುದೇ ಒಂದು ಉಪಯುಕ್ತ ಸಲಹಾ ಕೆಲಸ.

ಕ್ರೆಡಿಟ್ ಲೆಕ್ಕದಲ್ಲೂ ಎಚ್ಚರ. ಯುರೋಪಿನ ಇಸಿಟಿಎಸ್ ಎಂಬ ಕ್ರೆಡಿಟ್ ಮಾದರಿ ಅನುಸರಿಸುವ ಕಡೆ ವರ್ಷಕ್ಕೆ 60 ಕ್ರೆಡಿಟ್. ಮನೆಯಲ್ಲಿ ಓದುವ ಸಮಯವೂ ಅದರಲ್ಲಿ ಸೇರಿದೆ. ನಮ್ಮಲ್ಲಿ ಹೆಚ್ಚಾಗಿ ಲೆಕ್ಕ ಹಾಕುವುದು ತರಗತಿಯ ಗಂಟೆಗಳನ್ನು. ಒಂದನ್ನು ಇನ್ನೊಂದಕ್ಕೆ ನೇರವಾಗಿ ಬದಲಿಸಿದರೆ ವಿದ್ಯಾರ್ಥಿಯ ಹೊರೆ ತಪ್ಪಾಗಿ ಲೆಕ್ಕವಾಗಿ, ಕಡತ ಹಿಂದಕ್ಕೆ ಬರುತ್ತದೆ.

3. ಹಣ ಯಾರದು ಎಂದು ತಿಳಿದುಕೊಂಡು ಪಾಲುದಾರರನ್ನು ಹುಡುಕಿ

ಎಂಒಯು, ಅಂದರೆ ಒಡಂಬಡಿಕೆ ಪತ್ರದ ಹಿಂದೆ ಹಣ ಇರುವುದಿಲ್ಲ. ಕೈಕುಲುಕಿ ಫೋಟೊ ತೆಗೆಸಿಕೊಂಡ ಎಷ್ಟೋ ಒಡಂಬಡಿಕೆಗಳು ಕಪಾಟಿನಲ್ಲೇ ಉಳಿಯುವುದು ಇದೇ ಕಾರಣಕ್ಕೆ. ಕರಡು ಬಂದ ಕೂಡಲೇ ಮೂರು ಪ್ರಶ್ನೆ ಕೇಳಿ: ಯಾವ ಯೋಜನೆಯ ಹಣ? ಅದು ಮುಗಿಯುವ ದಿನಾಂಕ ಯಾವುದು? ನಮ್ಮ ಕೆಲಸ ಆ ಯೋಜನೆಯ ಖರೀದಿ ಪಟ್ಟಿಯಲ್ಲಿ ಇದೆಯೇ? ಮೂರಕ್ಕೂ ಉತ್ತರ ಬಾರದಿದ್ದರೆ ವಿದ್ಯಾರ್ಥಿ ವಿನಿಮಯದಂಥ ಸಣ್ಣ ಕೆಲಸಕ್ಕೆ ಮಾತ್ರ ಒಪ್ಪಿಕೊಳ್ಳಿ.

ಹಣದ ದೊಡ್ಡ ಮೂಲ ವಿಶ್ವಬ್ಯಾಂಕ್. ಅದರ ಎಸಿಇ ಯೋಜನೆ, ಅಂದರೆ ಆಫ್ರಿಕಾದ ಉನ್ನತ ಶಿಕ್ಷಣ ಉತ್ಕೃಷ್ಟತಾ ಕೇಂದ್ರಗಳ ಯೋಜನೆ, 2014ರಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಶುರುವಾಯಿತು. 2016ರಲ್ಲಿ ಪೂರ್ವ ಮತ್ತು ದಕ್ಷಿಣದ 8 ದೇಶಗಳ 24 ಕೇಂದ್ರಗಳಿಗೆ 14 ಕೋಟಿ ಡಾಲರ್ ಮೀಸಲಾಯಿತು. ಅದನ್ನು ಪಶ್ಚಿಮದಲ್ಲಿ ನಡೆಸಿದ್ದು ಘಾನಾದ ಅಕ್ರಾದಲ್ಲಿರುವ ಆಫ್ರಿಕನ್ ವಿಶ್ವವಿದ್ಯಾಲಯಗಳ ಸಂಘ, ಪೂರ್ವದಲ್ಲಿ ಉಗಾಂಡದ ಕಂಪಾಲಾದಲ್ಲಿರುವ ಐಯುಸಿಇಎ, ಅಂದರೆ ಪೂರ್ವ ಆಫ್ರಿಕಾದ ವಿಶ್ವವಿದ್ಯಾಲಯಗಳ ಮಂಡಳಿ. ಇಲ್ಲಿನ ವಿಶೇಷವೆಂದರೆ ಹಣವನ್ನು ಫಲಿತಾಂಶಕ್ಕೆ ಕಟ್ಟಿಹಾಕಿದ್ದು. ಎಷ್ಟು ವಿದ್ಯಾರ್ಥಿಗಳು ಸೇರಿದರು, ಎಷ್ಟು ಕಾರ್ಯಕ್ರಮಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು ಎಂಬುದನ್ನು ಸ್ವತಂತ್ರ ತಪಾಸಕರು ಖಚಿತಪಡಿಸಿದ ಮೇಲಷ್ಟೇ ಕಂತು ಬರುತ್ತಿತ್ತು. ನಿಮ್ಮ ಕೆಲಸ ಇಂಥ ಒಂದು ಫಲಿತಾಂಶಕ್ಕೆ ನೇರವಾಗಿ ನೆರವಾಗುವುದಾದರೆ ಕೇಂದ್ರದ ಮುಖ್ಯಸ್ಥರು ತಾವೇ ಮುಂದೆ ಬಂದು ಮಾತಾಡುತ್ತಾರೆ.

ಇದಲ್ಲದೆ ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್, ಸ್ವೀಡನ್, ನಾರ್ವೆಗಳ ನೆರವಿನ ಯೋಜನೆಗಳಿವೆ. ಕೃಷಿ ವಿಷಯದವರು ಕಂಪಾಲಾದ ರುಫೋರಮ್ ಎಂಬ ವಿಶ್ವವಿದ್ಯಾಲಯಗಳ ಜಾಲವನ್ನು ನೋಡಿ. 2023ರಲ್ಲಿ ತಾಂಜಾನಿಯಾದ ಜಾಂಜಿಬಾರಿನಲ್ಲಿ ಶುರುವಾದ ಐಐಟಿ ಮದ್ರಾಸ್ ಕ್ಯಾಂಪಸ್, ಅದೇ ವರ್ಷ ಉಗಾಂಡದ ಜಿಂಜಾದಲ್ಲಿ ಆರಂಭವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಸರ್ಕಾರಗಳ ನಡುವಿನ ಏರ್ಪಾಡುಗಳು. ಖಾಸಗಿ ಕಾಲೇಜು ಅದೇ ದಾರಿ ಹಿಡಿಯಲು ಹೋಗಬಾರದು.

ಪತ್ರ ಬರೆಯುವಾಗ ಪದನಾಮ ಸರಿಯಿರಲಿ. ಕೆನ್ಯಾ, ಉಗಾಂಡಗಳಲ್ಲಿ ಕುಲಪತಿಗೆ ವೈಸ್ ಚಾನ್ಸಲರ್ ಎನ್ನುತ್ತಾರೆ, ಇಥಿಯೋಪಿಯದಲ್ಲಿ ಪ್ರೆಸಿಡೆಂಟ್, ಫ್ರೆಂಚ್ ಪದ್ಧತಿಯ ಹಲವು ದೇಶಗಳಲ್ಲಿ ರೆಕ್ಟರ್.

4. ಪ್ರಸ್ತಾವ ಸಲ್ಲಿಸಿ

ಮೊದಲು ಬರುವುದು ಆಸಕ್ತಿ ಪತ್ರದ ಆಹ್ವಾನ, ಅಂದರೆ ಇಒಐ. ಇದರಲ್ಲಿ ಕೆಲಸದ ಯೋಜನೆಯನ್ನಾಗಲಿ ದರವನ್ನಾಗಲಿ ಕೇಳುವುದಿಲ್ಲ, ನೋಡುವುದು ನಿಮ್ಮ ಅನುಭವ ಮಾತ್ರ. ಸಾಮಾನ್ಯವಾಗಿ 5ರಿಂದ 8 ಸಂಸ್ಥೆಗಳನ್ನು ಆರಿಸಿ ಪೂರ್ಣ ಪ್ರಸ್ತಾವ ಕೇಳುತ್ತಾರೆ. ಅದಕ್ಕೆ ಆರ್‌ಎಫ್‌ಪಿ ಎಂದು ಹೆಸರು. ಅದರೊಳಗಿನ ಟಿಒಆರ್, ಅಂದರೆ ಕೆಲಸದ ವ್ಯಾಪ್ತಿ ಪತ್ರವನ್ನು ಸಾಲುಸಾಲಾಗಿ ಓದಬೇಕು.

ಗುಣಮಟ್ಟ ಮತ್ತು ಬೆಲೆ ಎರಡನ್ನೂ ತೂಗುವ ಪದ್ಧತಿಗೆ ಕ್ಯೂಸಿಬಿಎಸ್ ಎನ್ನುತ್ತಾರೆ. ತಾಂತ್ರಿಕ ಭಾಗಕ್ಕೆ 80, ಬೆಲೆಗೆ 20 ತೂಕ ಇದೆ ಎಂದುಕೊಳ್ಳಿ. ನಿಮಗೆ ತಾಂತ್ರಿಕ ಅಂಕ 85, ದರ 1,20,000 ಡಾಲರ್. ಎದುರಾಳಿಗೆ ಅಂಕ 75, ದರ 96,000. ಕಡಿಮೆ ದರದವರಿಗೆ ಬೆಲೆಯ 100 ಅಂಕ. ನಿಮಗೆ 96,000 ಭಾಗಿಸು 1,20,000, ಅಂದರೆ 80. ನಿಮ್ಮ ಮೊತ್ತ 68 ಕೂಡಿಸು 16, ಒಟ್ಟು 84. ಅವರದು 60 ಕೂಡಿಸು 20, ಒಟ್ಟು 80. ಕಾಲು ಭಾಗ ದುಬಾರಿಯಾದರೂ ಗೆಲುವು ನಿಮ್ಮದೇ. ಆದ್ದರಿಂದ ದರ ಇಳಿಸುವ ಬದಲು ತಂಡಕ್ಕೆ ಸರಿಯಾದ ಸ್ಥಳೀಯ ತಜ್ಞರನ್ನು ಸೇರಿಸಿ.

ಈ ಹಂತದಲ್ಲಿ ಪ್ರಸ್ತಾವ ತಿರಸ್ಕಾರವಾಗುವ ಕಾರಣಗಳು ಸಣ್ಣವೆಂದು ಕಾಣುತ್ತವೆ:

- ದರದ ಲಕೋಟೆ ಬೇರೆ, ತಾಂತ್ರಿಕ ಲಕೋಟೆಯಲ್ಲಿ ಎಲ್ಲಾದರೂ ದರ ಕಾಣಿಸಿದರೆ ಅಲ್ಲಿಗೆ ಮುಗಿಯಿತು.
- ಸಹಿಯಿಲ್ಲದ ಸಿವಿ. ಅಥವಾ ಒಬ್ಬರೇ ತಜ್ಞರ ಹೆಸರು ಎರಡು ಸಂಸ್ಥೆಗಳ ಪ್ರಸ್ತಾವದಲ್ಲಿ ಇರುವುದು.
- ಹಿತಾಸಕ್ತಿ ಸಂಘರ್ಷ. ಟಿಒಆರ್ ಬರೆಯಲು ನೀವೇ ನೆರವಾಗಿದ್ದರೆ ಆ ಕೆಲಸಕ್ಕೆ ನೀವು ಸ್ಪರ್ಧಿಸುವಂತಿಲ್ಲ. ಸ್ನೇಹದಿಂದ "ಕರಡು ಸ್ವಲ್ಪ ನೋಡಿಕೊಡಿ" ಎಂದು ಕೇಳಿದಾಗ ಹೂಂ ಎಂದವರು ಹೀಗೆ ಹೊರಬಿದ್ದಿದ್ದಾರೆ.

ಸ್ಥಳೀಯ ಪಾಲುದಾರರು ಹೆಸರಿಗಷ್ಟೇ ಇರಬಾರದು. ಅವರಿಗೆ ಕೆಲಸದ ದಿನಗಳಲ್ಲಿ ಕನಿಷ್ಠ ಅರ್ಧ, ಉಪನಾಯಕ ಸ್ಥಾನ, ನಿಮ್ಮ ತಜ್ಞರಿಗೆ ಸಮನಾದ ಗೌರವದ ದರ ಕೊಡಿ. ವಿಶ್ವವಿದ್ಯಾಲಯದ ಶೈಕ್ಷಣಿಕ ವಿಷಯ ತೀರ್ಮಾನಿಸುವ ಸೆನೆಟ್ ಸಭೆಯಲ್ಲಿ ಈ ಕೆಲಸದ ಪರವಾಗಿ ಎದ್ದು ನಿಂತು ಮಾತಾಡಬೇಕಾದವರು ಅವರು.

5. ಗುತ್ತಿಗೆ ಮತ್ತು ಹಣಕಾಸು

ಗುತ್ತಿಗೆ ಎರಡು ಬಗೆ. ಒಟ್ಟು ಮೊತ್ತದ್ದರಲ್ಲಿ ವರದಿ ಒಪ್ಪಿಗೆಯಾದಾಗ ಹಣ. ಸಮಯ ಆಧಾರಿತದಲ್ಲಿ ದುಡಿದ ದಿನಗಳ ಲೆಕ್ಕಕ್ಕೆ ಹಣ. ಸೆನೆಟ್ ಅಥವಾ ನಿಯಂತ್ರಕರ ಒಪ್ಪಿಗೆ ನಿಮ್ಮ ಕೈಯಲ್ಲಿ ಇಲ್ಲದ್ದರಿಂದ, ಒಟ್ಟು ಮೊತ್ತದ ಗುತ್ತಿಗೆಯಲ್ಲಿ "ಮಾನ್ಯತೆ ಸಿಕ್ಕಾಗ ಶೇ 40" ಎಂಬಂಥ ಷರತ್ತಿಗೆ ಒಪ್ಪಬೇಡಿ. "ಅರ್ಜಿ ಪೂರ್ಣವಾಗಿ ಸಲ್ಲಿಕೆಯಾದಾಗ" ಎಂದು ಬದಲಿಸಲು ಕೇಳಿ. ಆರಂಭಿಕ ವರದಿಗೆ ಶೇ 20, ಕರಡಿಗೆ 30, ಕಾರ್ಯಾಗಾರ ಮುಗಿದಾಗ 30, ಅಂತಿಮ ಹಸ್ತಾಂತರಕ್ಕೆ 20 ಎಂಬ ಹಂಚಿಕೆ ಇಬ್ಬರಿಗೂ ನ್ಯಾಯ. ವರದಿ ಕೊಟ್ಟು ಇಷ್ಟು ದಿನದೊಳಗೆ ಟಿಪ್ಪಣಿ ಬರದಿದ್ದರೆ ಒಪ್ಪಿಗೆಯಾದಂತೆ ಎಂಬ ಸಾಲನ್ನೂ ಸೇರಿಸಿಕೊಳ್ಳಿ.

ಕರೆನ್ಸಿ ಬಹಳ ಮುಖ್ಯ. ಇಥಿಯೋಪಿಯ 2024ರ ಜುಲೈ ಕೊನೆಯಲ್ಲಿ ತನ್ನ ಕರೆನ್ಸಿಯಾದ ಬಿರ್ ದರವನ್ನು ಮಾರುಕಟ್ಟೆಗೆ ಬಿಟ್ಟಾಗ, 57ರ ಆಸುಪಾಸಿನಲ್ಲಿದ್ದ ಡಾಲರ್ ಕೆಲವೇ ವಾರಗಳಲ್ಲಿ 100 ಬಿರ್ ದಾಟಿತು. ನೈಜೀರಿಯಾದ ನೈರಾ 2023ರ ಜೂನ್‌ನಿಂದ ಹೀಗೇ ಕುಸಿಯಿತು. ಸ್ಥಳೀಯ ಕರೆನ್ಸಿಯಲ್ಲಿ ಗುತ್ತಿಗೆ ಮಾಡಿಕೊಂಡಿದ್ದವರ ಹಣದ ಬೆಲೆ ಅಷ್ಟರಮಟ್ಟಿಗೆ ಕರಗಿತು. ಡಾಲರ್ ಅಥವಾ ಯೂರೊದಲ್ಲಿ ಬರೆಸಿ. ಹಣ ವಿಶ್ವವಿದ್ಯಾಲಯದ ಸ್ವಂತ ಬಜೆಟ್‌ನಿಂದ ಬರುವುದೋ, ಯೋಜನೆಯ ವಿದೇಶಿ ವಿನಿಮಯ ಖಾತೆಯಿಂದಲೋ ಎಂದು ಲಿಖಿತವಾಗಿ ಕೇಳಿ. ಮೊದಲನೆಯದಾದರೆ ಡಾಲರ್ ಸಿಗುವುದಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ತಡೆಹಿಡಿಯುವ ತೆರಿಗೆ, ಅಂದರೆ ಪಾವತಿಯ ಮೊದಲೇ ಅಲ್ಲಿ ಮುರಿದುಕೊಳ್ಳುವ ತೆರಿಗೆಯನ್ನು ದರ ನಮೂದಿಸುವ ಮೊದಲೇ ಲೆಕ್ಕ ಹಾಕಿ. ಕೆನ್ಯಾದಲ್ಲಿ ಅನಿವಾಸಿಗಳ ವೃತ್ತಿಪರ ಶುಲ್ಕಕ್ಕೆ ಶೇ 20. ಭಾರತದೊಂದಿಗಿನ ದ್ವಿತೆರಿಗೆ ತಡೆ ಒಪ್ಪಂದದಂತೆ ಶೇ 10ಕ್ಕೆ ಇಳಿಯಬಹುದು. ಆದರೆ ನಮ್ಮ ಆದಾಯ ತೆರಿಗೆ ಇಲಾಖೆ ಕೊಡುವ ತೆರಿಗೆ ನಿವಾಸ ಪ್ರಮಾಣಪತ್ರ ಮೊದಲ ಬಿಲ್ಲಿನ ಜೊತೆಗೇ ಹೋಗಬೇಕು. ಮುರಿದುಕೊಂಡ ತೆರಿಗೆಯ ಪ್ರಮಾಣಪತ್ರವನ್ನು ಪ್ರತಿ ಸಲವೂ ಕೇಳಿ ಪಡೆಯಿರಿ; ಅದಿಲ್ಲದೆ ಇಲ್ಲಿ ಆ ಮೊತ್ತದ ವಿನಾಯಿತಿ ಪಡೆಯುವುದು ಕಷ್ಟ.

ಬಜೆಟ್‌ನಲ್ಲಿ ಮರೆತುಹೋಗುವ ಇನ್ನೊಂದು ಬಾಬತ್ತು ಸ್ಥಳೀಯ ಭಾಗವಹಿಸುವವರ ಭತ್ಯೆ. ಕಾರ್ಯಾಗಾರಕ್ಕೆ ಊರ ಹೊರಗಿನಿಂದ ಬರುವ ಅಧ್ಯಾಪಕರಿಗೆ ಪ್ರಯಾಣ ವೆಚ್ಚ, ದಿನಭತ್ಯೆ ಕೊಡುವುದು ಅಲ್ಲಿ ವಾಡಿಕೆ. ಸರ್ಕಾರಿ ದರ ಪಟ್ಟಿ ಇರುತ್ತದೆ, ಅದರಂತೆಯೇ ಕೊಡಿ. ಕೆನ್ಯಾದಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆಯ ಮೂಲಕ ಕಳಿಸಿದರೆ ರಸೀದಿಯ ತಲೆನೋವೂ ತಪ್ಪುತ್ತದೆ.

6. ಮೊದಲ ಭೇಟಿ

ಭೇಟಿಯ ದಿನ ಗೊತ್ತುಮಾಡುವ ಮೊದಲು ಅಲ್ಲಿನ ಶೈಕ್ಷಣಿಕ ಕ್ಯಾಲೆಂಡರ್ ತರಿಸಿಕೊಳ್ಳಿ. ಪರೀಕ್ಷೆಯ ವಾರದಲ್ಲಿ ಹೋದರೆ ಯಾರೂ ಸಿಗುವುದಿಲ್ಲ. ಇಥಿಯೋಪಿಯದ ಪಂಚಾಂಗವೇ ಬೇರೆ: 13 ತಿಂಗಳು, ಸೆಪ್ಟೆಂಬರ್ 11ರ ಹೊತ್ತಿಗೆ ಹೊಸ ವರ್ಷ, ಹಣಕಾಸು ವರ್ಷ ಜುಲೈ 8ರಿಂದ. ಗಡಿಯಾರದ ಲೆಕ್ಕವೂ ಬೆಳಗಿನಿಂದ ಶುರು. "ಎರಡು ಗಂಟೆಗೆ ಸಭೆ" ಎಂದರೆ ನಮ್ಮ ಬೆಳಗಿನ ಎಂಟು ಇರಬಹುದು. ಯಾವ ಗಡಿಯಾರದ ಪ್ರಕಾರ ಎಂದು ಪ್ರತಿ ಸಲವೂ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ನೈಜೀರಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು 2022ರಲ್ಲಿ ಅಧ್ಯಾಪಕರ ಮುಷ್ಕರದಿಂದ ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ ನಿಂತಿದ್ದವು. ಇಂಥದ್ದಕ್ಕೆ ಗುತ್ತಿಗೆಯಲ್ಲಿ ಅವಧಿ ವಿಸ್ತರಣೆಯ ಅವಕಾಶ ಇರಲಿ.

ಕೆನ್ಯಾಕ್ಕೆ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಇಟಿಎ ಎಂಬ ಪ್ರಯಾಣಾನುಮತಿ ಬಂದಿದೆ. ಅದು ಪ್ರವೇಶಕ್ಕೆ ಮಾತ್ರ. ಹಣ ಪಡೆದು ಕೆಲಸ ಮಾಡಲು ಬೇರೆ ಪರವಾನಗಿ ಬೇಕೇ, ಅಲ್ಪಾವಧಿಯ ಸ್ಪೆಷಲ್ ಪಾಸ್ ಸಾಕೇ ಎಂದು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಿಂದಲೇ ಬರೆಸಿಕೊಳ್ಳಿ. ಪದವೀಧರರ ಸಮೀಕ್ಷೆ ಮಾಡುವುದಿದ್ದರೆ ಕೆನ್ಯಾದಲ್ಲಿ ನಕೋಸ್ಟಿ, ತಾಂಜಾನಿಯಾದಲ್ಲಿ ಕಾಸ್ಟೆಕ್, ಉಗಾಂಡದಲ್ಲಿ ಯುಎನ್‌ಸಿಎಸ್‌ಟಿ ಎಂಬ ಸಂಸ್ಥೆಗಳ ಸಂಶೋಧನಾ ಅನುಮತಿಯ ನಿಯಮ ನೋಡಿ.

ಮೊದಲ ವಾರದಲ್ಲಿ ಭಾಷಣ ಬೇಡ. ಕುಲಸಚಿವರು, ಗುಣಮಟ್ಟ ನಿರ್ದೇಶಕರು, ಹಣಕಾಸು ಅಧಿಕಾರಿ, ಪ್ರಯೋಗಾಲಯದ ತಂತ್ರಜ್ಞರು, ವಿದ್ಯಾರ್ಥಿ ಪ್ರತಿನಿಧಿಗಳು ಇಷ್ಟು ಜನರ ಜೊತೆ ಬೇರೆ ಬೇರೆಯಾಗಿ ಕೂತು ಮಾತಾಡಿ. ಹಿಂದಿನ ಸಲಹೆಗಾರರ ವರದಿಗಳನ್ನು ಕೇಳಿ ತರಿಸಿಕೊಂಡು, ಅದರಲ್ಲಿ ಯಾವುದು ಜಾರಿಯಾಗಲಿಲ್ಲ, ಏಕೆ ಎಂದು ವಿಚಾರಿಸಿ. ಆ ಉತ್ತರಗಳಲ್ಲಿ ನಿಮ್ಮ ಆರಂಭಿಕ ವರದಿಯ ಅರ್ಧ ಸಿಗುತ್ತದೆ.

7. ಕೆಲಸ ನಡೆಯುವಾಗ

*ಪಠ್ಯಕ್ರಮ.* ಕ್ರಮ ಹೀಗಿರುತ್ತದೆ: ಅಗತ್ಯ ಸಮೀಕ್ಷೆ, ಕರಡು, ಉದ್ಯೋಗದಾತರನ್ನೂ ವೃತ್ತಿ ಮಂಡಳಿಯನ್ನೂ ಕೂರಿಸಿದ ಕಾರ್ಯಾಗಾರ, ವಿಭಾಗ, ನಿಕಾಯ, ಸೆನೆಟ್, ಆಮೇಲೆ ನಿಯಂತ್ರಕರು. ಕರಡನ್ನು ವಿಭಾಗದ ಅಧ್ಯಾಪಕರೇ ಬರೆಯಲಿ, ನೀವು ಪಕ್ಕದಲ್ಲಿ ಕೂತು ತಿದ್ದಿ. ನೀವೇ ಬರೆದುಕೊಟ್ಟರೆ ಎರಡು ತಿಂಗಳು ಉಳಿಯುತ್ತದೆ ನಿಜ, ಆದರೆ ನಿಯಂತ್ರಕರ ತಂಡ ಬಂದು ಪ್ರಶ್ನೆ ಕೇಳಿದಾಗ ಉತ್ತರಿಸುವವರು ಯಾರೂ ಇರುವುದಿಲ್ಲ. ಸೆನೆಟ್ ಸಭೆಯ ದಿನಾಂಕ ತಿಳಿದು ಅಲ್ಲಿಂದ ಹಿಂದಕ್ಕೆ ಎಣಿಸಿ ವೇಳಾಪಟ್ಟಿ ಮಾಡಿ.

*ಪ್ರಯೋಗಾಲಯ.* ಪೆಟ್ಟಿಗೆ ಬಿಚ್ಚದೆ ಉಳಿದ ಉಪಕರಣಗಳು ಎಷ್ಟೋ ಕಡೆ ಕಾಣಸಿಗುತ್ತವೆ. ಅಳವಡಿಕೆ, ತರಬೇತಿ, ಎರಡು ವರ್ಷದ ರಾಸಾಯನಿಕ ಮತ್ತು ಬಿಡಿಭಾಗ, ವೋಲ್ಟೇಜ್ ಸ್ಥಿರಕಾರಿ ಇವೆಲ್ಲ ಒಂದೇ ಖರೀದಿಯಲ್ಲಿ ಸೇರದಿರುವುದೇ ಇದಕ್ಕೆ ಕಾರಣ. ಕೆನ್ಯಾ, ಉಗಾಂಡ, ತಾಂಜಾನಿಯಾಗಳಲ್ಲಿ ಮೂರು ಚೌಕ ಕಡ್ಡಿಯ ಬ್ರಿಟಿಷ್ ಪ್ಲಗ್, ಇಥಿಯೋಪಿಯದಲ್ಲಿ ಎರಡು ದುಂಡು ಕಡ್ಡಿಯದು. ನಮ್ಮ ಮೂರು ದುಂಡು ಕಡ್ಡಿಯ ಪ್ಲಗ್ ಅಲ್ಲಿ ನಡೆಯದಿರಬಹುದು. ಆಮದು ಸುಂಕ ವಿನಾಯಿತಿಯ ಪತ್ರ ಹಡಗು ಹೊರಡುವ ಮೊದಲೇ ಕೈಗೆ ಬರಬೇಕು. ತಡವಾದರೆ ಕೆನ್ಯಾದ ಮೊಂಬಾಸಾ ಬಂದರಿನ ದಿನಬಾಡಿಗೆಯೇ ಬಜೆಟ್ ತಿನ್ನುತ್ತದೆ.

*ಇಂಟರ್ನೆಟ್ ಮತ್ತು ಆನ್‌ಲೈನ್ ಪಾಠ.* ಸ್ವಂತ ಸರ್ವರ್ ಕೊಳ್ಳುವ ಸಲಹೆ ಕೊಡುವ ಮೊದಲು ಆ ದೇಶದ ಶೈಕ್ಷಣಿಕ ಜಾಲವನ್ನು ವಿಚಾರಿಸಿ: ಕೆನ್ಯಾದಲ್ಲಿ ಕೆನೆಟ್, ಉಗಾಂಡದಲ್ಲಿ ರೆನು. ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶದ ಪಾಠಗಳನ್ನು ಫೋನಿನಲ್ಲಿ ತೆರೆದು ನೋಡಿಯೇ ಒಪ್ಪಿಸಿ. ವಿದ್ಯಾರ್ಥಿಗಳು ಡೇಟಾ ಕೊಂಡು ಓದುವವರು, ಒಂದು ಗಂಟೆಯ ವಿಡಿಯೊಗಿಂತ ಹತ್ತು ಪುಟದ ಟಿಪ್ಪಣಿ ಅವರಿಗೆ ಹೆಚ್ಚು ಉಪಕಾರ.

*ಅಧ್ಯಾಪಕರ ಪಿಎಚ್‌ಡಿ.* ಪೂರ್ತಿ ಅವಧಿಗೆ ವಿದೇಶಕ್ಕೆ ಕಳಿಸಿದರೆ ಮರಳದಿರುವ ಸಾಧ್ಯತೆ ಹೆಚ್ಚು. ಸ್ವೀಡನ್ನಿನ ನೆರವಿನಲ್ಲಿ ಉಗಾಂಡದ ಮಕೆರೆರೆ, ತಾಂಜಾನಿಯಾದ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯಗಳು ಅನುಸರಿಸಿದ ಸ್ಯಾಂಡ್‌ವಿಚ್ ಮಾದರಿ ಉತ್ತಮ. ಅದರಲ್ಲಿ ನೋಂದಣಿಯೂ ಕ್ಷೇತ್ರಕಾರ್ಯವೂ ತಾಯ್ನಾಡಿನಲ್ಲೇ ಇರಬಹುದು, ನಡುನಡುವೆ ಕೆಲವು ತಿಂಗಳು ಮಾತ್ರ ಹೊರಗಿನ ಪ್ರಯೋಗಾಲಯದಲ್ಲಿ, ಇಬ್ಬರು ಮಾರ್ಗದರ್ಶಕರು. ಆ ತಿಂಗಳುಗಳಲ್ಲಿ ಅವರ ತರಗತಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಒಪ್ಪಂದದಲ್ಲೇ ಇರಲಿ. ಈ ಒಂದು ಸಾಲು ಇಲ್ಲದೆ ಅರ್ಧಕ್ಕೆ ನಿಂತ ಪಿಎಚ್‌ಡಿಗಳಿವೆ.

8. ಹಸ್ತಾಂತರ

ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ನಿಮ್ಮ ತಂಡ ಹಿಂದೆ ಸರಿಯಬೇಕು. ಅದುವರೆಗೆ ನೀವು ನಡೆಸಿದ ಒಂದು ಪೂರ್ಣ ಚಕ್ರವನ್ನು, ಉದಾಹರಣೆಗೆ ಒಂದು ವಿಭಾಗದ ಆಂತರಿಕ ಗುಣಮಟ್ಟ ಪರಿಶೀಲನೆಯನ್ನು, ಅಲ್ಲಿನವರೇ ನಡೆಸಲಿ. ಎಡವಿದಲ್ಲಿ ಮಾತ್ರ ಕೈಕೊಡಿ. ಪ್ರತಿ ಕೆಲಸಕ್ಕೂ ಇಬ್ಬರು ತಯಾರಿರಲಿ. ಒಬ್ಬರನ್ನೇ ನೆಚ್ಚಿದರೆ ಅವರು ಬಡ್ತಿಯಾಗಿ ಅಥವಾ ಬೇರೆ ದೇಶಕ್ಕೆ ಹೋದ ದಿನ ವಿಭಾಗ ನಿಂತುಹೋಗುತ್ತದೆ.

ಕಡತಗಳನ್ನು ಪಿಡಿಎಫ್ ಆಗಿ ಕೊಟ್ಟು ಬರಬೇಡಿ. ತಿದ್ದಬಹುದಾದ ಮೂಲ ಕಡತಗಳು, ಸಮೀಕ್ಷೆಯ ಕಚ್ಚಾ ದತ್ತಾಂಶ, ಎರಡನೇ ಹಂತದ ಎಕ್ಸೆಲ್ ಪಟ್ಟಿ, ಸಾಫ್ಟ್‌ವೇರಿನ ಪಾಸ್‌ವರ್ಡ್‌ಗಳು, ಪರವಾನಗಿ ನವೀಕರಣದ ದಿನಾಂಕ ಮತ್ತು ಮೊತ್ತ ಎಲ್ಲವನ್ನೂ ವಿಶ್ವವಿದ್ಯಾಲಯದ ಇಮೇಲ್ ಖಾತೆಗೆ ವರ್ಗಾಯಿಸಿ ಸಹಿ ಪಡೆಯಿರಿ. ಮುಂದಿನ ವರ್ಷದ ವೆಚ್ಚ ಅವರ ಸ್ವಂತ ಬಜೆಟ್ ಕರಡಿನಲ್ಲಿ ಸೇರಿದೆಯೇ ಎಂದು ಹಣಕಾಸು ಅಧಿಕಾರಿಯ ಜೊತೆ ಕೂತು ನೋಡಿ. ಸೇರಿಲ್ಲದಿದ್ದರೆ ಕೊನೆಯ ಬಿಲ್ಲು ಕಳಿಸುವ ಮುನ್ನವೇ ಕುಲಪತಿಗಳಿಗೆ ಅದನ್ನು ಬರವಣಿಗೆಯಲ್ಲಿ ತಿಳಿಸಿ. ಬಜೆಟ್ ಒಪ್ಪಿಗೆಯಾಗುವ ಮೊದಲಾದರೆ ಸೇರಿಸಿಕೊಳ್ಳಲು ಅವರಿಗೆ ಸಮಯವಿರುತ್ತದೆ.